ಪಬ್ ಇಲ್ಲದ ಕಾಶಿ, ದಾಲ್ ಮಂಡಿಯ ರಾತ್ರಿಗಳು

ನೋಯ್ಡಾದಲ್ಲಿ ಕೋಡ್ ಬರೆಯೋ ನಮ್ಮ ಕಡೆ ಹುಡುಗ ಒಬ್ಬ ವೀಕೆಂಡಿಗೆ ಕಾಶಿಗೆ ಹೋಗಿ ಬಂದು ಕೇಳಿದ: "ಸರ್, ಆರತಿ ಮುಗಿದ್ಮೇಲೆ ಆ ಊರಲ್ಲಿ ಏನಿದೆ? ಒಂದು ಪಬ್ಬೂ ಸಿಗಲಿಲ್ಲ." ನಂಗೆ ನಗು ಬಂತು. ಅವನು ಮೊಬೈಲ್ ಕವರ್ ಕೊಂಡಿದ್ದು ದಾಲ್ ಮಂಡಿಯಲ್ಲಿ. ಆ ಗಲ್ಲಿಯೇ ಒಂದು ಕಾಲದಲ್ಲಿ ಊರಿನ ನೈಟ್‌ಕ್ಲಬ್.

ಚೌಕ್ ಪಕ್ಕದ ಇಕ್ಕಟ್ಟಾದ ಬೀದಿ ಅದು. ಕೆಳಗೆ ಅಂಗಡಿ, ಮೇಲೆ ಕೋಠಾ. ಸಂಜೆಯಾದರೆ ಸಾರಂಗಿ, ತಬಲಾ, ಠುಮ್ರಿ, ದಾದ್ರಾ, ಕಜ್ರಿ. ಅಲ್ಲಿ ಹಾಡಿ ಕುಣಿಯುತ್ತಿದ್ದವರು ತವಾಯಫರು. ಬಿಸ್ಮಿಲ್ಲಾ ಖಾನ್ ಹುಡುಗನಾಗಿದ್ದಾಗ ಬಾಲಾಜಿ ಮಂದಿರಕ್ಕೆ ರಿಯಾಜಿಗೆ ಹೋಗುತ್ತಾ, ಬೇಕಂತಲೇ ರಸೂಲನ್ ಬಾಯಿ, ಬತೂಲನ್ ಬಾಯಿ ಮನೆ ಮುಂದಿನ ದಾರಿ ಹಿಡಿಯುತ್ತಿದ್ದರು. ಸಂಗೀತದ ಮೊದಲ ರುಚಿ ಅಲ್ಲೇ ಹತ್ತಿದ್ದು ಅಂತ ಅವರೇ ಹೇಳಿಕೊಂಡಿದ್ದಾರೆ.

ಇವರ ದೊಡ್ಡ ಹಬ್ಬ ಬುಢ್ವಾ ಮಂಗಲ್. ಹೋಳಿ ಕಳೆದ ಮಂಗಳವಾರ ಗಂಗೆಯ ಮೇಲೆ ಅಲಂಕರಿಸಿದ ದೋಣಿಗಳು, ದೋಣಿಯಲ್ಲೇ ವೇದಿಕೆ, ಬೆಳಗಿನವರೆಗೂ ಹಾಡು ಕುಣಿತ. ರಾಜ, ಸಾಹುಕಾರ, ಕವಿ, ಎಲ್ಲರ ದೋಣಿಯೂ ಇರೋದು. ಆಗಿನ ಫೆಸ್ಟಿವಲ್ ಲೈನಪ್ ಅಂತಿಟ್ಟುಕೊಳ್ಳಿ!

ನಮಗೂ ಇಲ್ಲೊಂದು ನಂಟಿದೆ. ಬಾಲ್ಯದಲ್ಲಿ ಬನಾರಸಿನಲ್ಲಿದ್ದು, ಆಮೇಲೆ ಕಲ್ಕತ್ತೆಯಲ್ಲಿ ಹೆಸರು ಮಾಡಿ, 1902ರಲ್ಲಿ ಗ್ರಾಮಫೋನಿಗೆ ಹಾಡಿದ ಗೌಹರ್ ಜಾನ್ ಕೊನೆಗೆ ಬಂದಿದ್ದು ಮೈಸೂರು ಅರಮನೆಗೆ. 1930ರ ಜನವರಿಯಲ್ಲಿ ತೀರಿಕೊಂಡಿದ್ದೂ ಮೈಸೂರಲ್ಲೇ.

ಹಾಗಾದರೆ ಮುಚ್ಚಿದ್ದು ಯಾಕೆ? "ಕಾಲ ಬದಲಾಯ್ತು" ಅಂದುಬಿಡೋದು ಸುಲಭ, ಆದರೆ ಅದು ಪೂರ್ತಿ ನಿಜವಲ್ಲ. ಅಸಹಕಾರ ಚಳವಳಿಯಲ್ಲಿ ಹುಸ್ನಾ ಬಾಯಿ ತವಾಯಫರ ಸಭೆ ಕಟ್ಟಿ, ವಿದೇಶಿ ವಸ್ತು ಬಿಡಿ ಅಂತ ಕರೆ ಕೊಟ್ಟವರು. ಅದೇ ದೇಶ ಸ್ವತಂತ್ರವಾಗುವ ಹೊತ್ತಿಗೆ ಇಂಥವರನ್ನ ಆಕಾಶವಾಣಿ ಬಾಗಿಲಿನಿಂದಲೇ ವಾಪಸ್ ಕಳಿಸಿತು. ಜಮೀನ್ದಾರಿ ಹೋಯ್ತು, ದುಡ್ಡು ಕೊಡೋರು ಹೋದರು. 1956ರ ಕಾಯ್ದೆ ಬಂದಮೇಲೆ ಹಾಡುವವಳಿಗೂ ಮೈ ಮಾರುವವಳಿಗೂ ಪೊಲೀಸರು ವ್ಯತ್ಯಾಸ ನೋಡಲಿಲ್ಲ. ರಸೂಲನ್ ಬಾಯಿ 1948ರಲ್ಲೇ ಮುಜ್ರಾ ಬಿಟ್ಟು ಕೋಠಾದಿಂದ ಹೊರಬಂದಿದ್ದರು. 1957ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಕೊಟ್ಟರು. 1969ರ ಅಹಮದಾಬಾದ್ ಗಲಭೆಯಲ್ಲಿ ಅವರ ಮನೆ ಸುಟ್ಟುಹೋಯ್ತು. ಠುಮ್ರಿಗೆ ಮಾತ್ರ ಸಭಾಂಗಣದಲ್ಲಿ ಮರ್ಯಾದೆಯ ಕುರ್ಚಿ ಸಿಕ್ಕಿತು ನೋಡಿ. ಇದು ನನಗೆ ಈಗಲೂ ಕಸಿವಿಸಿ.

ಒಂದು ಕುಣಿತ ಮಾತ್ರ ಉಳಿದಿದೆ, ಅದೂ ಯಾರೂ ಊಹಿಸದ ಜಾಗದಲ್ಲಿ. ಚೈತ್ರ ನವರಾತ್ರಿಯ ಸಪ್ತಮಿ ರಾತ್ರಿ, ಮಣಿಕರ್ಣಿಕಾ ಘಾಟಿನ ಮಹಾಶ್ಮಶಾನನಾಥನ ಗುಡಿ ಮುಂದೆ. ರಾಜಾ ಮಾನ್‌ಸಿಂಗ್ ಗುಡಿ ಜೀರ್ಣೋದ್ಧಾರ ಮಾಡಿಸಿ ಸಂಗೀತ ಇಡಿಸಬೇಕೆಂದಾಗ, ಹೆಣ ಸುಡೋ ಜಾಗದಲ್ಲಿ ಹಾಡಲ್ಲ ಅಂದರಂತೆ ದೊಡ್ಡ ಕಲಾವಿದರು. ನಗರವಧುಗಳು ತಾವಾಗಿ ಬಂದರಂತೆ. ಇದು ಐತಿಹ್ಯ, ದಾಖಲೆ ಅಲ್ಲ. ಆದರೆ ಈಗಲೂ ಬೇರೆ ಬೇರೆ ಊರಿಂದ ಹೆಣ್ಣುಮಕ್ಕಳು ಬಂದು ಕುಣಿಯುತ್ತಾರೆ. ಮುಂದಿನ ಜನ್ಮದಲ್ಲಿ ಈ ಬಾಳು ಬೇಡಪ್ಪ ಅಂತ ಹರಕೆ. ಒಂದು ಪಕ್ಕ ಸ್ಪೀಕರ್, ಇನ್ನೊಂದು ಪಕ್ಕ ಚಿತೆ ಉರೀತಾನೇ ಇರುತ್ತೆ.

ಹೋಗೋರು ಹೋಗಿ. ಫೋನ್ ಜೇಬಲ್ಲಿಡಿ, ಪಕ್ಕದಲ್ಲಿ ಯಾರದೋ ಮನೆಯವರು ಕಟ್ಟಿಗೆ ಹೊಂದಿಸ್ತಾ ಇರ್ತಾರೆ.