ಐಕಾನ್ ಕಾಣದಿದ್ದರೆ ನೆಟ್‌ವರ್ಕ್ ಹೋಯಿತೆಂದಲ್ಲ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು. ಆಮೇಲೆ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಸಿಕೊಂಡವರು ನಮ್ಮ ಸುತ್ತಮುತ್ತ ಇದ್ದಾರೆ. ಪರದೆಯ ಮೂಲೆಯಲ್ಲಿದ್ದ ವೈಫೈ ಗುರುತು ಒಂದು ದಿನ ಇದ್ದಕ್ಕಿದ್ದಂತೆ ಮಾಯವಾದರೆ ಹೊಸಬರಿಗೆ ಕೈಕಾಲೇ ಆಡುವುದಿಲ್ಲ. ಆಗ ಕಿವಿಗೆ ಬೀಳುವ ಸಲಹೆಗಳಲ್ಲಿ ಕೆಲವು ಇದ್ದ ತೊಂದರೆಯನ್ನು ಇನ್ನಷ್ಟು ದೊಡ್ಡದು ಮಾಡುತ್ತವೆ. ಇಷ್ಟು ಸಣ್ಣ ಕಾರಣಕ್ಕೆ ಯಾರೂ ಲಿನಕ್ಸ್ ಕೈಬಿಡಬಾರದು ಎಂಬ ಕಳಕಳಿ ನನ್ನದು.

ತಪ್ಪು ಕಲ್ಪನೆ: ಐಕಾನ್ ಇಲ್ಲ ಅಂದರೆ ಇಂಟರ್ನೆಟ್ಟೂ ಇಲ್ಲ.

ವಾಸ್ತವ: ಎರಡೂ ಬೇರೆ ಬೇರೆ ಪ್ರೋಗ್ರಾಮುಗಳು. ವೈಫೈ ಹುಡುಕುವುದು, ಪಾಸ್‌ವರ್ಡ್ ನೆನಪಿಟ್ಟುಕೊಳ್ಳುವುದು, ಸಂಪರ್ಕ ಕೊಡುವುದು, ಇದೆಲ್ಲ ನೆಟ್‌ವರ್ಕ್‌ಮ್ಯಾನೇಜರ್ ಎಂಬ ಸೇವೆಯ ಕೆಲಸ. 2004ರಲ್ಲಿ ರೆಡ್ ಹ್ಯಾಟ್ ಶುರುಮಾಡಿದ ಇದನ್ನೇ ಇಂದು ಉಬುಂಟು, ಫೆಡೋರಾ, ಮಿಂಟ್‌ಗಳ ಡೆಸ್ಕ್‌ಟಾಪುಗಳು ಬಳಸುತ್ತವೆ. ಕಂಪ್ಯೂಟರ್ ಆನ್ ಆದಾಗಲೇ, ನೀವು ಲಾಗಿನ್ ಆಗುವ ಮೊದಲೇ ಅದು ಕೆಲಸಕ್ಕಿಳಿದಿರುತ್ತದೆ. ಐಕಾನ್ ಮಾಡುವುದು ಅದರ ಸ್ಥಿತಿಯನ್ನು ಕೇಳಿ ತಿಳಿದು ಪರದೆಯ ಮೇಲೆ ತೋರಿಸುವ ಕೆಲಸವನ್ನಷ್ಟೇ.

ಹಾಗಾಗಿ ಏನನ್ನೂ ಮುಟ್ಟುವ ಮೊದಲು ಬ್ರೌಸರ್ ತೆರೆದು ಯಾವುದಾದರೂ ಪುಟ ಬರುತ್ತದೆಯೇ ನೋಡಿ. ಎಷ್ಟೋ ಸಲ ಬರುತ್ತದೆ. ಬಾರದಿದ್ದರೆ ಟರ್ಮಿನಲ್ ತೆರೆದು ‘ಎನ್‌ಎಂಸಿಎಲ್‌ಐ ಡಿವೈಸ್’ ಎಂಬ ಕಮಾಂಡ್ ಕೊಡಿ. ಒಂದು ಪುಟ್ಟ ಪಟ್ಟಿ ಬರುತ್ತದೆ. ಅದರಲ್ಲಿ ವೈಫೈ ಎಂದಿರುವ ಸಾಲನ್ನು ಗಮನಿಸಿ. ‘ಕನೆಕ್ಟೆಡ್’ ಎಂದಿದ್ದರೆ ಮರೆಯಾಗಿರುವುದು ಗುರುತು ಮಾತ್ರ. ‘ಡಿಸ್‌ಕನೆಕ್ಟೆಡ್’ ಎಂದಿದ್ದರೆ ಸೇವೆ ನಡೆಯುತ್ತಿದೆ, ಸಂಪರ್ಕ ಕೊಡಬೇಕು ಅಷ್ಟೆ. ಇದಕ್ಕೂ ಐಕಾನ್ ಬೇಕಿಲ್ಲ: ‘ಎನ್‌ಎಂಟಿಯುಐ’ ಎಂದು ಟೈಪ್ ಮಾಡಿದರೆ ಟರ್ಮಿನಲ್ಲಿನಲ್ಲೇ ಮೆನು ತೆರೆಯುತ್ತದೆ, ಬಾಣದ ಕೀಲಿಗಳಿಂದ ವೈಫೈ ಆರಿಸಿ ಪಾಸ್‌ವರ್ಡ್ ಕೊಡಬಹುದು. ಪಟ್ಟಿಯಲ್ಲಿ ‘ಅನ್‌ಮ್ಯಾನೇಜ್ಡ್’ ಎಂದು ಕಂಡರೆ ಅದರ ಕಥೆ ಬೇರೆ, ಮುಂದೆ ಹೇಳುತ್ತೇನೆ.

ತಪ್ಪು ಕಲ್ಪನೆ: ನೆಟ್‌ವರ್ಕ್‌ಮ್ಯಾನೇಜರ್ ತೆಗೆದುಹಾಕಿ ಮತ್ತೆ ಇನ್‌ಸ್ಟಾಲ್ ಮಾಡಿದರೆ ಸರಿಹೋಗುತ್ತದೆ.

ವಾಸ್ತವ: ಸಲಹೆಗಳಲ್ಲೆಲ್ಲ ಅತಿ ಅಪಾಯಕಾರಿ ಇದು. ತೆಗೆದ ಮೇಲೆ ಮತ್ತೆ ಹಾಕಲು ಇಂಟರ್ನೆಟ್ ಬೇಕು, ಆ ಇಂಟರ್ನೆಟ್ ತರುತ್ತಿದ್ದುದನ್ನೇ ನೀವು ತೆಗೆದಿರುತ್ತೀರಿ! ಮೇಲೆ ಹೇಳಿದ ‘ಎನ್‌ಎಂಸಿಎಲ್‌ಐ ಡಿವೈಸ್’ ಕಮಾಂಡಿಗೆ ‘ನೆಟ್‌ವರ್ಕ್‌ಮ್ಯಾನೇಜರ್ ಈಸ್ ನಾಟ್ ರನ್ನಿಂಗ್’ ಎಂಬ ಉತ್ತರ ಬಂದರೆ ಸಿಸ್ಟಮ್‌ಸಿಟಿಎಲ್ ಎಂಬ ಕಮಾಂಡ್ ಮೂಲಕ ಸೇವೆಯನ್ನು ‘ಸ್ಟಾರ್ಟ್’ ಮಾಡಿ, ಮುಂದಿನ ಸಲವೂ ತಾನೇ ಶುರುವಾಗುವಂತೆ ‘ಎನೇಬಲ್’ ಮಾಡಿ. ಮೊದಲು ಮಾಡಬೇಕಾದದ್ದು ಇಷ್ಟೇ.

ತಪ್ಪು ಕಲ್ಪನೆ: ಎನ್‌ಎಂ-ಆಪ್ಲೆಟ್ ಹಾಕಿದರೆ ಎಲ್ಲ ಡೆಸ್ಕ್‌ಟಾಪಿನಲ್ಲೂ ಐಕಾನ್ ಬರುತ್ತದೆ.

ವಾಸ್ತವ: ಈ ಮದ್ದು ಎಕ್ಸ್‌ಎಫ್‌ಸಿಇ, ಮಾಟೆ, ಎಲ್‌ಎಕ್ಸ್‌ಡಿಇಗಳಿಗೆ ಸರಿ, ಅಲ್ಲಿ ಐಕಾನ್ ತೋರಿಸುವುದು ಎನ್‌ಎಂ-ಆಪ್ಲೆಟ್ಟೇ. ಗ್ನೋಮ್‌ನಲ್ಲಿ ಗುರುತು ಗ್ನೋಮ್ ಶೆಲ್‌ನ ಭಾಗ. ಕೆಡಿಇ ಪ್ಲಾಸ್ಮಾಗೆ ತನ್ನದೇ ಪ್ಲಾಸ್ಮಾ-ಎನ್‌ಎಂ ಇದೆ. ಅಲ್ಲಿ ಸಿಸ್ಟಮ್ ಟ್ರೇ ಸೆಟ್ಟಿಂಗ್ಸ್ ತೆರೆದು ನೆಟ್‌ವರ್ಕ್ಸ್ ‘ಹಿಡನ್’ ಆಗಿದೆಯೇ ನೋಡಿದರೆ ಸಾಕು. ಸಿನಮನ್‌ನಲ್ಲಾದರೆ ಪ್ಯಾನೆಲ್ಲಿನ ಆಪ್ಲೆಟ್‌ಗಳ ಪಟ್ಟಿಯಿಂದ ನೆಟ್‌ವರ್ಕ್ ಆಪ್ಲೆಟ್ಟನ್ನು ಮತ್ತೆ ಸೇರಿಸಬೇಕು.

ಎಕ್ಸ್‌ಎಫ್‌ಸಿಇಯಲ್ಲಿ ಇನ್ನೊಂದು ಸೂಕ್ಷ್ಮವಿದೆ, ಬಹಳ ಜನ ಎಡವುವುದು ಇಲ್ಲೇ. ಎನ್‌ಎಂ-ಆಪ್ಲೆಟ್ ಸರಿಯಾಗಿ ಓಡುತ್ತಿದ್ದರೂ ಕೂರಲು ಪ್ಯಾನೆಲ್ಲಿನಲ್ಲಿ ಜಾಗ ಬೇಕು. ಪ್ಯಾನೆಲ್ ಜೋಡಿಸುವಾಗ ಕೈತಪ್ಪಿ ಆ ಜಾಗವನ್ನೇ ಅಳಿಸಿಬಿಟ್ಟರೆ ಆಪ್ಲೆಟ್ಟನ್ನು ಎಷ್ಟು ಸಲ ಇನ್‌ಸ್ಟಾಲ್ ಮಾಡಿದರೂ ಅದು ಕಾಣುವುದಿಲ್ಲ. ಪ್ಯಾನೆಲ್ ಮೇಲೆ ರೈಟ್ ಕ್ಲಿಕ್ ಮಾಡಿ, ‘ಆಡ್ ನ್ಯೂ ಐಟಮ್ಸ್’ನಲ್ಲಿ ‘ಸ್ಟೇಟಸ್ ಟ್ರೇ ಪ್ಲಗಿನ್’ ಸೇರಿಸಿ. 4.16ಕ್ಕಿಂತ ಹಳೆಯ ಆವೃತ್ತಿಗಳಲ್ಲಿ ಇದಕ್ಕೆ ‘ನೋಟಿಫಿಕೇಶನ್ ಏರಿಯಾ’ ಎಂಬ ಹೆಸರಿತ್ತು. ಜಾಗವಿದ್ದೂ ಐಕಾನ್ ಇಲ್ಲದಿದ್ದರೆ ‘ಸೆಷನ್ ಆ್ಯಂಡ್ ಸ್ಟಾರ್ಟಪ್’ ತೆರೆದು, ಲಾಗಿನ್ ಆದಾಗ ತಾನಾಗಿ ಶುರುವಾಗುವ ಪ್ರೋಗ್ರಾಮುಗಳಲ್ಲಿ ನೆಟ್‌ವರ್ಕ್ ಆಪ್ಲೆಟ್ಟಿನ ಟಿಕ್ ಹೋಗಿದೆಯೇ ನೋಡಿ.

ತಪ್ಪು ಕಲ್ಪನೆ: ರೀಸ್ಟಾರ್ಟ್ ಮಾಡಿದರೂ ಬರಲಿಲ್ಲ ಅಂದರೆ ಡ್ರೈವರ್ ಕೆಟ್ಟಿದೆ.

ವಾಸ್ತವ: ನೆಟ್‌ವರ್ಕಿಂಗನ್ನು ಒಟ್ಟಾರೆ ಆಫ್ ಮಾಡಿದ್ದರೆ ನೆಟ್‌ವರ್ಕ್‌ಮ್ಯಾನೇಜರ್ ಅದನ್ನೊಂದು ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ, ರೀಸ್ಟಾರ್ಟ್ ಆದ ಮೇಲೂ ಅದನ್ನೇ ಪಾಲಿಸುತ್ತದೆ. ಗ್ನೋಮ್‌ನಲ್ಲಿ ಆಗ ಗುರುತೂ ಮರೆಯಾಗಬಹುದು. ‘ಎನ್‌ಎಂಸಿಎಲ್‌ಐ ನೆಟ್‌ವರ್ಕಿಂಗ್ ಆನ್’ ಎಂದರೆ ವಾಪಸು ಬರುತ್ತದೆ.

ತಪ್ಪು ಕಲ್ಪನೆ: ‘ಅನ್‌ಮ್ಯಾನೇಜ್ಡ್’ ಎಂದು ತೋರಿಸಿದರೆ ಕಾರ್ಡ್ ಹಾಳಾಗಿದೆ.

ವಾಸ್ತವ: ಆ ಕಾರ್ಡಿನ ಹೊಣೆ ಬೇರೆಯವರ ಕೈಯಲ್ಲಿದೆ ಎಂದು ನೆಟ್‌ವರ್ಕ್‌ಮ್ಯಾನೇಜರ್ ದೂರ ನಿಂತಿದೆ ಎಂದರ್ಥ. ಡೆಬಿಯನ್‌ನಲ್ಲಿ ಮೊದಲು ಬರಿಯ ಸಿಸ್ಟಮ್ ಹಾಕಿ ಆಮೇಲೆ ಡೆಸ್ಕ್‌ಟಾಪ್ ಸೇರಿಸಿದರೆ ಹೀಗಾಗುವುದುಂಟು. ಇನ್‌ಸ್ಟಾಲರ್ ಆ ಕಾರ್ಡನ್ನು ಇಟಿಸಿ ಫೋಲ್ಡರಿನ ನೆಟ್‌ವರ್ಕ್ ಎಂಬ ಒಳಫೋಲ್ಡರಿನಲ್ಲಿರುವ ‘ಇಂಟರ್‌ಫೇಸಸ್’ ಫೈಲಿನಲ್ಲಿ ಬರೆದಿರುತ್ತದೆ, ಅಲ್ಲಿ ಹೆಸರಿರುವ ಕಾರ್ಡನ್ನು ನೆಟ್‌ವರ್ಕ್‌ಮ್ಯಾನೇಜರ್ ಮುಟ್ಟುವುದಿಲ್ಲ. ಫೈಲಿನ ಪ್ರತಿ ಮಾಡಿಟ್ಟುಕೊಂಡು, ಆ ಕಾರ್ಡಿನ ಸಾಲುಗಳ ಮುಂದೆ ಹ್ಯಾಶ್ ಚಿಹ್ನೆ ಹಾಕಿ ರೀಸ್ಟಾರ್ಟ್ ಮಾಡಿ. ‘ಎಲ್‌ಒ’ ಎಂದಿರುವ ಸಾಲುಗಳನ್ನು ಮಾತ್ರ ಹಾಗೇ ಬಿಡಿ.

ಉಬುಂಟು ಸರ್ವರ್ ಮೇಲೆ ಡೆಸ್ಕ್‌ಟಾಪ್ ಹಾಕಿಕೊಂಡವರಿಗೂ ಇದೇ ಪಾಡು. ಅಲ್ಲಿ ನೆಟ್‌ಪ್ಲ್ಯಾನ್ ಎಂಬ ವ್ಯವಸ್ಥೆ ಕಾರ್ಡಿನ ಹೊಣೆಯನ್ನು ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ ಎಂಬ ಇನ್ನೊಂದು ಸೇವೆಗೆ ವಹಿಸಿರುತ್ತದೆ. ನೆಟ್‌ಪ್ಲ್ಯಾನ್ ಫೈಲಿನಲ್ಲಿ ‘ರೆಂಡರರ್’ ಎಂಬಲ್ಲಿ ನೆಟ್‌ವರ್ಕ್‌ಮ್ಯಾನೇಜರ್ ಹೆಸರು ಬರೆಯಬೇಕು. ಸಾಲಿನ ಮೊದಲು ಬಿಡುವ ಜಾಗಕ್ಕೆ ಟ್ಯಾಬ್ ಒತ್ತದೆ ಸ್ಪೇಸನ್ನೇ ಬಳಸಿ. ನಂತರ ‘ನೆಟ್‌ಪ್ಲ್ಯಾನ್ ಅಪ್ಲೈ’ ಬದಲು ‘ನೆಟ್‌ಪ್ಲ್ಯಾನ್ ಟ್ರೈ’ ಕೊಡಿ. ಬದಲಾವಣೆಯಿಂದ ಸಂಪರ್ಕ ಕಡಿದುಹೋದರೆ ಸುಮ್ಮನೆ ಕೂರಿ: 120 ಸೆಕೆಂಡಿನೊಳಗೆ ಎಂಟರ್ ಒತ್ತದಿದ್ದರೆ ಅದು ತಾನಾಗಿ ಹಳೆಯ ವ್ಯವಸ್ಥೆಗೆ ಮರಳುತ್ತದೆ.