ಸಾಲದ ಅರ್ಜಿಗೆ ಮುಂಚೆ ಅಪ್ಪನ ಸಿಬಿಲ್: ರಾಯದುರ್ಗ, ಮಡಕಶಿರಾ ಗಡಿಯ ವಿದ್ಯಾರ್ಥಿಗಳ ಒಂದು ಸಮಸ್ಯೆ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಾತಾಡಿದ್ದರ ಬರಹರೂಪ. ಆಡುಮಾತನ್ನು ಅಲ್ಲಲ್ಲಿ ಹಾಗೇ ಉಳಿಸಿದ್ದೇನೆ.)

ವಿಷಯ ಒಣದು ಅನ್ನಿಸಬಹುದು, ಹಾಗಾಗಿ ನಮ್ಮ ಮನೆಯಿಂದಲೇ ಶುರು ಮಾಡ್ತೀನಿ.

ನಮ್ಮದು ಮಡಕಶಿರಾ ಕಡೆಯ ಹಳ್ಳಿ. ನನಗೆ ತುಮಕೂರಿನಲ್ಲಿ ಸೀಟು ಸಿಕ್ಕಿದಾಗ ಶಿಕ್ಷಣ ಸಾಲಕ್ಕೆ ಅರ್ಜಿ ಹಾಕಿದೆವು. ಬ್ಯಾಂಕಿನವರು ಎರಡು ವಾರ ಬಿಟ್ಟು ಕರೆದು, "ನಿಮ್ಮಪ್ಪಂದು ಸಿಬಿಲ್ ಸರಿಯಿಲ್ಲಮ್ಮ" ಅಂದರು. ಅಪ್ಪನಿಗೆ ದಿಗಿಲು. "ನಾನ್ಯಾವ ಸಾಲ ಉಳಿಸ್ಕಂಡಿದೀನಿ?" ವರದಿ ತೆಗೆಸಿದರೆ, ಮಾವನ ಟ್ರ್ಯಾಕ್ಟರ್ ಸಾಲಕ್ಕೆ ಅಪ್ಪ ಹಾಕಿದ್ದ ಜಾಮೀನು ಸಹಿ! ಮಾವ ಹಿಂದಿನ ವರ್ಷವೇ ಪೂರ್ತಿ ಕಟ್ಟಿದ್ದರು, ಆದರೆ ಸಾಲ ಕೊಟ್ಟವರು ಅದನ್ನು ದಾಖಲೆಗೆ ಏರಿಸಿರಲಿಲ್ಲ. ತಿದ್ದುಪಡಿ ಆಗೋದರೊಳಗೆ ಫೀಸಿನ ಗಡುವು ಬಂತು. ಊರಲ್ಲೇ 80,000 ರೂಪಾಯಿ ನೂರಕ್ಕೆ ಮೂರರಂತೆ ತಂದೆವು. ತಿಂಗಳಿಗೆ 2,400 ಬಡ್ಡಿ, ಐದು ತಿಂಗಳಿಗೆ 12,000. ಅರ್ಜಿಗೆ ಮುಂಚೆ ಒಂದು ಕಾಗದ ನೋಡಿದ್ದರೆ ಉಳಿಯುತ್ತಿದ್ದ ದುಡ್ಡು.

ಮೊದಲು ಮಾತು ಸ್ಪಷ್ಟ ಮಾಡ್ಕೊಳ್ಳೋಣ. ನಾವೆಲ್ಲ 'ಸಿಬಿಲ್' ಅನ್ನೋದು 2000ದಲ್ಲಿ ಸ್ಥಾಪನೆಯಾದ ಒಂದು ಕಂಪನಿಯ ಹೆಸರು. ದೇಶದಲ್ಲಿ ಇಂಥವು ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. 2005ರ ಕಾಯ್ದೆಯ ಅಡಿಯಲ್ಲಿ ಬ್ಯಾಂಕುಗಳು ನಮ್ಮ ಸಾಲದ ವಿವರ ಇವಕ್ಕೆ ಕೊಡುತ್ತವೆ, ಇವು 300ರಿಂದ 900ರೊಳಗೆ ಅಂಕ ಕೊಡುತ್ತವೆ. ಸಾಲವನ್ನೇ ತೆಗೆದುಕೊಳ್ಳದ ವಿದ್ಯಾರ್ಥಿಗೆ ಅಂಕವೇ ಇರಲ್ಲ, ಕೆಲವು ಕಡೆ ಮೈನಸ್ 1 ಅಂತ ಬರುತ್ತದೆ. ಅದು ಕೆಟ್ಟ ಅಂಕವಲ್ಲ. ಇತಿಹಾಸ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಮೊದಲ ಸಲ ಸಾಲ ಕೇಳುವವರನ್ನು ತಿರಸ್ಕರಿಸಬಾರದು ಅಂತ ರಿಸರ್ವ್ ಬ್ಯಾಂಕೂ ಹೇಳಿದೆ.

ತೊಡಕು ಇರೋದು ಪಕ್ಕದ ಸಹಿಯಲ್ಲಿ. ಶಿಕ್ಷಣ ಸಾಲದಲ್ಲಿ ಅಪ್ಪ ಅಥವಾ ಅಮ್ಮ ಸಹ-ಸಾಲಗಾರರು. ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಲ್ಲಿ 4 ಲಕ್ಷದವರೆಗೆ ಒತ್ತೆ ಬೇಡ; ಸರ್ಕಾರದ ಖಾತರಿ ನಿಧಿ ಬಂದ ಮೇಲೆ 7.5 ಲಕ್ಷದವರೆಗೂ ಒತ್ತೆಯಿಲ್ಲದೆ ಕೊಡಲು ದಾರಿಯಿದೆ. ಹೊಲ-ಮನೆ ಒತ್ತೆ ಇಲ್ಲದ ಕಡೆ ಬ್ಯಾಂಕಿನವರ ಕಣ್ಣು ವರದಿಯ ಮೇಲೇ ಬೀಳುತ್ತದೆ, ಅದರಲ್ಲಿ ಆಶ್ಚರ್ಯವೇನಿಲ್ಲ.

ಹಾಗಾದರೆ ನಮ್ಮ ಕಡೆಯವರ ವರದಿಯಲ್ಲಿ ಏನು ನೋಡಬೇಕು? ನನ್ನ ಅಭಿಪ್ರಾಯದಲ್ಲಿ ಮೊದಲು ಹೆಸರು, ಅಂಕ ಆಮೇಲೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಕಾಗದದಲ್ಲಿ ಇಂಗ್ಲಿಷ್. ಮನೆಯ ಹನುಮಂತರಾಯ ಪಾಸ್‌ಬುಕ್ಕಿನಲ್ಲಿ ಹನುಮಂತರಾಯುಡು, ಆಧಾರ್‌ನಲ್ಲಿ ಇನ್ನೊಂದು. ಇನಿಷಿಯಲ್ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಜನವರಿ 1 ಅಂತ ಬರೆದಿರ್ತಾರೆ. ಒಂದೇ ಊರಲ್ಲಿ ಅದೇ ಹೆಸರಿನ ಇಬ್ಬರಿದ್ದರೆ ಒಬ್ಬನ ಬಾಕಿ ಇನ್ನೊಬ್ಬನ ಹೆಸರಿಗೆ ಬೀಳುವ ಅಪಾಯ ಇದೆ. ಜೊತೆಗೆ ವಿಳಾಸ: 2022ರ ಏಪ್ರಿಲ್‌ನಿಂದ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ನಮ್ಮ ಹಳೇ ಕಾಗದಗಳಲ್ಲಿ ಇನ್ನೂ ಹಳೇ ಜಿಲ್ಲೆಯೇ ಐತೆ. ಸಾಲ ಕೊಟ್ಟವರ ಹೆಸರೂ ಬದಲಾಗಿದೆ. ಆಂಧ್ರ ಪ್ರಗತಿ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಆಂಧ್ರಪ್ರದೇಶ ಗ್ರಾಮೀಣ ಬ್ಯಾಂಕಿನಲ್ಲಿ ವಿಲೀನವಾಯಿತು. ಹೊಸ ಹೆಸರು ನೋಡಿ ಇದು ನಮ್ಮ ಸಾಲವಲ್ಲ ಅಂದುಕೊಳ್ಳಬೇಡಿ.

ಎರಡನೆಯದು ಬೆಳೆಸಾಲ. 2014ರಲ್ಲಿ ಘೋಷಣೆಯಾದ ಆಂಧ್ರದ ಸಾಲಮನ್ನಾ ಕುಟುಂಬಕ್ಕೆ 1.5 ಲಕ್ಷದವರೆಗೆ, ಅದೂ ಕಂತಿನ ಮೇಲೆ. "ಮನ್ನಾ ಆಯ್ತಲ್ಲ" ಅಂತ ಮನೆಯವರು ಸುಮ್ಮನಿರ್ತಾರೆ, ಖಾತೆಯಲ್ಲಿ ಬಾಕಿ ಉಳಿದಿರಬಹುದು. ವರದಿಯಲ್ಲಿ 'ಕ್ಲೋಸ್ಡ್' ಅಂತಿದ್ದರೆ ಸರಿ. 'ಸೆಟಲ್ಡ್' ಅಂದರೆ ಪೂರ್ತಿ ಕಟ್ಟದೆ ರಾಜಿಯಾಗಿದ್ದು, 'ರಿಟನ್ ಆಫ್' ಅಂದರೆ ಬ್ಯಾಂಕು ಆಸೆ ಬಿಟ್ಟದ್ದು. ಇವೆರಡೂ ಮುಂದಿನ ಸಾಲಕ್ಕೆ ಅಡ್ಡಿ. ಅಮ್ಮನ ಡ್ವಾಕ್ರಾ ಸಂಘದ ಸಾಲವನ್ನೂ ಮರೆಯಬೇಡಿ. ಸಂಘದ ಸಾಲವನ್ನು ಸದಸ್ಯರ ಮಟ್ಟದಲ್ಲಿ ವರದಿ ಮಾಡಬೇಕೆಂದು ರಿಸರ್ವ್ ಬ್ಯಾಂಕ್ 2016ರಲ್ಲಿ ಸೂಚಿಸಿತು. ಇನ್ನು ನಮ್ಮದೇ ತಪ್ಪು: ಫೋನಿನ ಆ್ಯಪ್‌ನಲ್ಲಿ ತಗೊಂಡ ಎರಡು-ಮೂರು ಸಾವಿರ. ಆ್ಯಪ್‌ಗೆ ಒಂದು ಹೆಸರು, ಹಿಂದಿರುವ ಹಣಕಾಸು ಕಂಪನಿಗೆ ಬೇರೆ ಹೆಸರು. ವರದಿಯಲ್ಲಿ ಬರೋದು ಎರಡನೆಯದು.

ವರದಿ ಪಡೆಯಲು ಮಧ್ಯವರ್ತಿಗೆ ದುಡ್ಡು ಕೊಡಬೇಡಿ. 2017ರ ಜನವರಿಯಿಂದ ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ತಿ ವರದಿ ಉಚಿತವಾಗಿ ಕೊಡಬೇಕು. ನಾವೇ ನೋಡಿದರೆ ಅಂಕ ಇಳಿಯಲ್ಲ. ಇಳಿಯುವ ಸಾಧ್ಯತೆ ಇರೋದು ನಾಲ್ಕಾರು ಬ್ಯಾಂಕಿಗೆ ಒಟ್ಟಿಗೆ ಅರ್ಜಿ ಹಾಕಿದಾಗ. ತಪ್ಪು ಕಂಡರೆ ಕಂಪನಿಗೂ ಸಾಲ ಕೊಟ್ಟವರಿಗೂ ಎರಡೂ ಕಡೆ ದೂರು ಕೊಡಿ, ಬಾಕಿಯಿಲ್ಲ ಪತ್ರ ಲಗತ್ತಿಸಿ. 30 ದಿನದಲ್ಲಿ ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರದ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಈ 30 ದಿನವೇ ಮುಖ್ಯ. ಕೌನ್ಸೆಲಿಂಗ್ ಶುರುವಾದ ಮೇಲೆ ನೋಡಿದರೆ ತಡವಾಯ್ತು, ಜನವರಿ-ಫೆಬ್ರವರಿಯಲ್ಲೇ ತೆಗೆಸಿ.

ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡು. ರಾಯದುರ್ಗದ ಗೆಳೆಯರೊಬ್ಬರು ಕೇಳಿದರು: ಅಂಕ ಕಮ್ಮಿ ಅಂತ ಬ್ಯಾಂಕು ತಿರಸ್ಕರಿಸೋದು ಕಾನೂನಿಗೆ ಸರಿನಾ? 2023ರಲ್ಲಿ ಕೇರಳ ಹೈಕೋರ್ಟ್, ವಿದ್ಯಾರ್ಥಿಯ ಅಂಕ ಕಡಿಮೆ ಎಂಬ ಕಾರಣಕ್ಕೆ ಶಿಕ್ಷಣ ಸಾಲ ನಿರಾಕರಿಸಬಾರದು ಎಂದಿತು. ಆದರೆ ಅದು ಕೇರಳದ ತೀರ್ಪು. ಇಲ್ಲಿ ಅರ್ಜಿಯ ಜೊತೆ ತೋರಿಸಬಹುದು, ಬ್ಯಾಂಕು ಅದಕ್ಕೆ ಕಟ್ಟುಬೀಳಲೇಬೇಕು ಅಂತಿಲ್ಲ. ತಿರಸ್ಕಾರವನ್ನು ಬಾಯಿಮಾತಲ್ಲಿ ಒಪ್ಪಬೇಡಿ, ಕಾರಣವನ್ನು ಬರಹದಲ್ಲಿ ಕೇಳಿ. ನಾವು ಕೇಳಿರಲಿಲ್ಲ.

ಮೇಡಂ ಕೇಳಿದ್ದು: ಅಪ್ಪನಿಗೆ ಪ್ಯಾನ್ ಕಾರ್ಡೇ ಇಲ್ಲದಿದ್ದರೆ? ಮತದಾರರ ಚೀಟಿ ಕೊಟ್ಟೂ ವರದಿ ಕೇಳಬಹುದು ಮೇಡಂ. ಹಳೇ ಸಾಲದ ಕಾಗದದಲ್ಲಿ ಹೆಸರು ಹೇಗಿದೆಯೋ ಅದನ್ನು ಪಕ್ಕದಲ್ಲಿ ಇಟ್ಕೊಂಡು ಕೂತ್ಕೊಳ್ಳಿ.