ಒಂದೇ ಚರ್ಚು, ಮೂರು ಹೆಸರು

ಮಲೆನಾಡಿನ ಸಣ್ಣ ಊರಿನಲ್ಲಿ ಹಳೆಯ ಪ್ರಾಟೆಸ್ಟೆಂಟ್ ಚರ್ಚೊಂದು ಕಣ್ಣಿಗೆ ಬಿದ್ದರೆ ‘ಕಾಫಿ ತೋಟದ ದೊರೆಗಳು ಕಟ್ಟಿಸಿಕೊಂಡದ್ದು’ ಎಂದುಬಿಡುವುದು ವಾಡಿಕೆ. ಚಿಕ್ಕಮಗಳೂರು ಸೀಮೆಯ ಮಟ್ಟಿಗೆ ಈ ಮಾತು ಅರ್ಧ ಮಾತ್ರ ನಿಜ. ದೊರೆಗಳ ಇಂಗ್ಲಿಷ್ ಆರಾಧನೆ ಒಂದು ಕಡೆ ನಡೆದರೆ, ಕನ್ನಡ ಸಭೆ ಬೇರೆಯಾಗಿಯೇ ಬೆಳೆಯಿತು. ಅದನ್ನು ಬೆಳೆಸಿದವರು ವೆಸ್ಲಿಯನ್ ಮೆಥೋಡಿಸ್ಟರು.

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿ (1703–1791) ಆರಂಭಿಸಿದ ಪಂಥ ಇದು. ಆಕ್ಸ್‌ಫರ್ಡಿನಲ್ಲಿ ಆತನ ಗೆಳೆಯರ ಕಟ್ಟುನಿಟ್ಟಿನ ದಿನಚರಿಯನ್ನು ಕಂಡು ಇತರರು ಹಾಸ್ಯಕ್ಕೆ ಇಟ್ಟ ‘ಮೆಥೋಡಿಸ್ಟ್’ ಎಂಬ ಅಡ್ಡಹೆಸರೇ ಗಟ್ಟಿಯಾಯಿತು. ಇವರ ಬೋಧಕರು ಒಂದೇ ಊರಿಗೆ ಅಂಟಿಕೊಂಡವರಲ್ಲ. ಹಲವು ಊರುಗಳನ್ನು ಸೇರಿಸಿದ ‘ಸರ್ಕಿಟ್’ ಒಂದನ್ನು ಸುತ್ತುವುದು ಅವರ ಕ್ರಮ. ಅಮಲ್ದಾರರ ಸರ್ಕೀಟನ್ನು ಬಲ್ಲ ಮೈಸೂರು ಸೀಮೆಯ ಜನಕ್ಕೆ ಇದು ಹೊಸತೇನಲ್ಲ.

ವೆಸ್ಲಿಯನ್ ಮಿಷನರಿಗಳು 1821ರಲ್ಲಿ ಬೆಂಗಳೂರಿಗೆ ಬಂದರು. ಮೊದಲ ಕೆಲಸ ದಂಡು ಪ್ರದೇಶದ ತಮಿಳರ ನಡುವೆ. ಕನ್ನಡ ನಾಡಿನ ಒಳಕ್ಕೆ ಅವರು ಕಾಲಿಟ್ಟದ್ದು 1837ರಲ್ಲಿ, ಗುಬ್ಬಿಯ ಮೂಲಕ. ಮುಂದೆ ತುಮಕೂರು, ಮೈಸೂರು, ಶಿವಮೊಗ್ಗ, ಹಾಸನ, ಚಿಕ್ಕಮಗಳೂರುಗಳು ಅವರ ಕೇಂದ್ರಗಳಾದವು.

ಬಾಬಾಬುಡನ್ ಗಿರಿಯ ತಪ್ಪಲಲ್ಲಿ ಕ್ಯಾನನ್ ಎಂಬ ಯುರೋಪಿಯನ್ ತೋಟಗಾರ 1830ರ ಸುಮಾರಿಗೇ ಕಾಫಿ ಹಾಕಿದ್ದ. 1865ರಲ್ಲಿ ಜಿಲ್ಲೆಯ ಕೇಂದ್ರ ಕಡೂರಿನಿಂದ ಚಿಕ್ಕಮಗಳೂರಿಗೆ ಬಂದ ಮೇಲೆ ಪೇಟೆ ಬೆಳೆಯಿತು, ಕಚೇರಿಗಳು ಬಂದವು. ತೋಟದ ಇಂಗ್ಲಿಷರಲ್ಲಿ ಅನೇಕರು ಆಂಗ್ಲಿಕನ್ ಸಭೆಯವರು. ಕರಾವಳಿಯಿಂದ ಘಟ್ಟ ಹತ್ತಿದ ಕೊಂಕಣಿ ಕ್ಯಾಥೊಲಿಕರ ‘ಇಗರ್ಜಿ’ಯ ಇತಿಹಾಸವೇ ಬೇರೆ, ಅವರ ಚಿಕ್ಕಮಗಳೂರು ಧರ್ಮಪ್ರಾಂತ್ಯ ರಚನೆಯಾದದ್ದು 1963ರಲ್ಲಿ.

ಮೆಥೋಡಿಸ್ಟರ ಕಟ್ಟಡಗಳಲ್ಲಿ ಆಡಂಬರ ಕಡಿಮೆ. ಪ್ರಸಂಗ ಮುಖ್ಯವಾದುದರಿಂದ ಎಲ್ಲರಿಗೂ ಕಾಣುವ, ಕೇಳಿಸುವ ಒಂದು ಹಜಾರವಿದ್ದರೆ ಸಾಕು. ಎಷ್ಟೋ ಊರುಗಳಲ್ಲಿ ಭಾನುವಾರ ಪ್ರಾರ್ಥನೆ ನಡೆದ ಕಟ್ಟಡವೇ ಉಳಿದ ದಿನ ಶಾಲೆ. ಚರ್ಚು, ಶಾಲೆ, ಬಂಗಲೆ, ಉಪಾಧ್ಯಾಯರ ಮನೆ ಸೇರಿದರೆ ‘ಮಿಷನ್ ಕಾಂಪೌಂಡು’. ಮಲೆನಾಡಿನ ಮಳೆಗೆ ಒಗ್ಗಿದ ಇಳಿಜಾರು ಸೂರಿಗೆ ಮಂಗಳೂರು ಹೆಂಚು ಒದಗಿಬಂತು. ಆ ಹೆಂಚಿನ ಮೊದಲ ಕಾರ್ಖಾನೆಯನ್ನು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ್ದು ಇನ್ನೊಂದು ಮಿಷನ್, ಬಾಸೆಲ್ ಮಿಷನ್. 1876–78ರ ಭೀಕರ ಕ್ಷಾಮದ ನಂತರ ವೆಸ್ಲಿಯನ್ನರು ತುಮಕೂರಿನಲ್ಲಿ ಗಂಡುಮಕ್ಕಳಿಗೆ, ಹಾಸನದಲ್ಲಿ ಹೆಣ್ಣುಮಕ್ಕಳಿಗೆ ಅನಾಥಾಲಯಗಳನ್ನು ನಡೆಸಿದರು. ತಂದೆತಾಯಿಯರನ್ನು ಕಳೆದುಕೊಂಡ ಈ ಮಕ್ಕಳಿಗೆ ಸಭೆಯೇ ಬಂಧುಬಳಗವಾಯಿತು.

ಇನ್ನು ಹೆಸರಿನ ಗೊಂದಲ. ಇಂಗ್ಲೆಂಡಿನಲ್ಲಿ 1932ರಲ್ಲಿ ಮೆಥೋಡಿಸ್ಟರ ಮೂರು ಪಂಗಡಗಳು ಒಂದಾದಾಗ ‘ವೆಸ್ಲಿಯನ್’ ಎಂಬ ವಿಶೇಷಣ ಬಿಟ್ಟು ‘ಮೆಥೋಡಿಸ್ಟ್’ ಮಾತ್ರ ಉಳಿಯಿತು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ. ಉದಯಿಸಿತು. ದೊರೆಗಳ ಆಂಗ್ಲಿಕನ್ ಸಭೆಯೂ ಕನ್ನಡದ ಮೆಥೋಡಿಸ್ಟ್ ಸಭೆಯೂ ಅದರಲ್ಲಿ ಸೇರಿದವು. ಕಡೂರು ಜಿಲ್ಲೆ ಚಿಕ್ಕಮಗಳೂರು ಜಿಲ್ಲೆಯಾದದ್ದೂ ಅದೇ ವರ್ಷ. ಇಂದು ಚಿಕ್ಕಮಗಳೂರಿನ ಸಿ.ಎಸ್.ಐ. ಸಭೆಗಳು ಮಂಗಳೂರು ಕೇಂದ್ರವಾದ ಧರ್ಮಪ್ರಾಂತ್ಯಕ್ಕೆ ಸೇರಿವೆ. ಹೀಗೆ ವೆಸ್ಲಿಯನ್ನರ ಮಕ್ಕಳೂ ಬಾಸೆಲ್ ಮಿಷನ್ನಿನ ಮಕ್ಕಳೂ ಒಬ್ಬರೇ ಬಿಷಪ್ಪರ ಕೆಳಗೆ ಬಂದರು. ಬೀದರ್, ಕೋಲಾರಗಳಲ್ಲಿ ಇಂದಿಗೂ ‘ಮೆಥೋಡಿಸ್ಟ್’ ಫಲಕ ಕಂಡರೆ ಅಚ್ಚರಿ ಬೇಡ. ಅದು ಅಮೆರಿಕನ್ ಮೆಥೋಡಿಸ್ಟರ ಕವಲು, ಈ ಐಕ್ಯಕ್ಕೆ ಸೇರದೆ ಉಳಿದದ್ದು.

ಆದ್ದರಿಂದ ಒಂದೇ ಸಭೆಯ ಕಾಗದಪತ್ರಗಳಲ್ಲಿ ಮೂರು ಹೆಸರು ಸಿಕ್ಕರೆ ಅವು ಮೂರು ಚರ್ಚುಗಳಲ್ಲ. ಇದನ್ನು ಅರಿಯದೆ ಹಳೆಯ ದಾಖಲೆಯನ್ನು ‘ನಮ್ಮದಲ್ಲ’ ಎಂದು ಬದಿಗಿಟ್ಟರೆ ನಷ್ಟ ದೊಡ್ಡದು. ಮಿಷನರಿಗಳ ವರದಿಗಳು ಲಂಡನ್ನಿನ ಸಂಗ್ರಹದಲ್ಲಿ ಸುರಕ್ಷಿತವಾಗಿವೆ. ಆದರೆ ಜ್ಞಾನಸ್ನಾನ, ಮದುವೆ, ಸಮಾಧಿಗಳ ರಿಜಿಸ್ಟರುಗಳಿರುವುದು ಸಾಮಾನ್ಯವಾಗಿ ಊರ ಚರ್ಚಿನ ಬೀರುವಿನಲ್ಲಿ. ಕ್ಷಾಮದ ಅನಾಥ ಮಗುವೊಂದರ ಮೊಮ್ಮಕ್ಕಳಿಗೆ ತಮ್ಮ ವಂಶದ ಮೊದಲ ಸಾಲು ಸಿಗಬೇಕಾದರೆ ಅದು ಅಲ್ಲಿಯೇ. ಸೂರಿನ ಒಂದು ಹೆಂಚು ಸರಿದರೆ ಮಲೆನಾಡಿನ ಒಂದೇ ಮಳೆಗಾಲ ಸಾಕು, ಆ ಸಾಲು ಅಳಿಸಿಹೋಗಲು. ಕಟ್ಟಡ ದುರಸ್ತಿಗೆ ಕೈಹಾಕುವ ಸಭೆಗಳು ಮೊದಲು ಬೀರುವನ್ನು ತೆರೆದು ನೋಡುವುದು ಒಳ್ಳೆಯದು.